ತೆರಿಗೆ ಇಲ್ಲದ ಊರಿನ ಕಾಫಿ ಬಿಲ್ಲು

ಮೊನಾಕೊ ಬಗ್ಗೆ ಬರೆಯುವವರು, ವಿಡಿಯೊ ಮಾಡುವವರು ಎಲ್ಲರೂ ಮೂರು ಮಾತನ್ನು ತಪ್ಪದೆ ಹೇಳುತ್ತಾರೆ. ವ್ಯಾಟಿಕನ್ ಬಿಟ್ಟರೆ ಜಗತ್ತಿನ ಅತಿ ಚಿಕ್ಕ ದೇಶ. ಬೀದಿಯಲ್ಲಿ ಕಲ್ಲು ಎಸೆದರೆ ಕೋಟ್ಯಧಿಪತಿಗೇ ತಾಗುತ್ತೆ. ಆಮೇಲೆ ದನಿ ಸ್ವಲ್ಪ ಏರಿಸಿ, 'ಇಲ್ಲಿ ತೆರಿಗೆಯೇ ಇಲ್ಲ ಕಣ್ರೀ!' ಇಷ್ಟಾದ ಮೇಲೆ ಒಂದು ಫೆರಾರಿ, ಒಂದು ಕ್ಯಾಸಿನೊ, ಒಂದು ಸೆಲ್ಫಿ. ಮುಗೀತು.

ಮೊದಲನೆಯ ಮಾತು ಸರಿ. ಇಡೀ ದೇಶ ಸುಮಾರು 2 ಚದರ ಕಿಲೋಮೀಟರ್. ಬೆಂಗಳೂರಿನ ಎರಡು ಲಾಲ್‌ಬಾಗ್‌ಗಳನ್ನು ಪಕ್ಕಪಕ್ಕ ಇಟ್ಟು, ಮೇಲೊಂದು ಚೂರು ಜಾಗ ಸೇರಿಸಿದರೆ ಆಯ್ತು. ಎರಡನೆಯದಕ್ಕೆ ಕಲ್ಲೆಸೆದು ನೋಡುವ ಧೈರ್ಯ ನಮಗಿರಲಿಲ್ಲ. ನನ್ನ ತಕರಾರು ಇರೋದು ಮೂರನೆಯ ಮಾತಿನ ಮೇಲೆ. ಮೊನಾಕೊದಲ್ಲಿ ಇಲ್ಲದ್ದು ಅಲ್ಲಿ ವಾಸ ಮಾಡುವವರ ಆದಾಯದ ಮೇಲಿನ ತೆರಿಗೆ. ತೆರಿಗೆ ಇಲ್ಲ ಅನ್ನೋದೇ ಬೇರೆ, ಇವರಿಗೆ ಇಲ್ಲ ಅನ್ನೋದೇ ಬೇರೆ. ಈ ವ್ಯತ್ಯಾಸವನ್ನು ನುಂಗಿಬಿಟ್ಟರೆ ಆ ಊರು ಹೇಗೆ ನಡೆಯುತ್ತೆ ಅನ್ನೋದೇ ಅರ್ಥವಾಗೋದಿಲ್ಲ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮಪ್ಪ. ಅಪ್ಪ ದಾವಣಗೆರೆಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಊರಿನವರ ಬಾಯಲ್ಲಿ 'ಸೇಲ್ಸ್ ಟ್ಯಾಕ್ಸ್‌ನೋರು'. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನೋ ಗಾದೆಯನ್ನು ನಾನು ಶಾಲೆಯಲ್ಲಿ ಕಲಿಯುವ ಮೊದಲೇ ಮಂಡಿಪೇಟೆಯ ಅಂಗಡಿಗಳಲ್ಲಿ ಕೇಳಿದ್ದೆ, ಅಪ್ಪನ ಕೈ ಹಿಡಿದು ಹೋಗುವಾಗ, ನಮಗೆ ಕೇಳಿಸಲಿ ಅಂತಲೇ ಹೇಳಿದ್ದು. 2005ರ ಏಪ್ರಿಲ್‌ನಲ್ಲಿ ಕರ್ನಾಟಕಕ್ಕೆ ವ್ಯಾಟ್ ಬಂದಾಗ ಅಂಗಡಿಯವರನ್ನು ಸೇರಿಸಿ ಅದೇನು ಅಂತ ವಿವರಿಸುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ಅವರು ಬೈಸಿಕೊಂಡಷ್ಟು ಬೈಗುಳ ನಮ್ಮ ಮನೆತನದಲ್ಲಿ ಯಾರೂ ಬೈಸಿಕೊಂಡಿಲ್ಲ.

ನನ್ನ ತಮ್ಮ ಇರೋದು ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ಸೋಫಿಯಾ ಆಂಟಿಪೊಲಿಸ್ ಅನ್ನೋ ಟೆಕ್ನಾಲಜಿ ಪಾರ್ಕಿನಲ್ಲಿ ಅವನ ಕೆಲಸ. 2025ರ ಬೇಸಿಗೆಯಲ್ಲಿ ಅಪ್ಪ, ಅಮ್ಮ, ನಾನು, ನನ್ನ ಗಂಡ, ಹನ್ನೊಂದು ವರ್ಷದ ಮಗಳು ಅಲ್ಲಿಗೆ ಹೋದಾಗ ಒಂದು ದಿನ ಮೊನಾಕೊಗೆ ಅಂತ ಅವನೇ ಬೋಟ್ ಬುಕ್ ಮಾಡಿದ. ರೈಲಿನಲ್ಲಾದರೆ ನೀಸ್‌ನಿಂದ ಅರ್ಧ ಗಂಟೆಯೂ ಬೇಡ, ದುಡ್ಡೂ ಕಡಿಮೆ. ಆದರೆ ಅಮ್ಮನಿಗೆ ಸಮುದ್ರದ ಮೇಲೆ ಹೋಗಬೇಕಿತ್ತು.

ಬೋಟು ಹೊರಡೋದು ನೀಸ್‌ನ ಹಳೆ ಬಂದರಿನಿಂದ. ಮುಕ್ಕಾಲು ಗಂಟೆಯ ದಾರಿ. ಹೋಗುವಾಗ ದಡವೆಲ್ಲ ಎಡಗಡೆ, ಹೋಗುವವರು ಆ ಬದಿಗೇ ಕೂತುಕೊಳ್ಳಿ. ಆ ಕರಾವಳಿಯನ್ನು ಚೆನ್ನಾಗಿಲ್ಲ ಅನ್ನೋಕೆ ಕಲ್ಲೆದೆ ಬೇಕು. ಆಲ್ಪ್ಸ್ ಬೆಟ್ಟಗಳು ನೇರ ಬಂದು ನೀರಿಗೆ ಕಾಲಿಟ್ಟಿವೆ. ವಿಲ್‌ಫ್ರಾಂಶ್‌ನ ಕೊಲ್ಲಿ, ಆಮೇಲೆ ಪೈನ್ ಮರಗಳ ಕಾಪ್ ಫೆರಾ, ನಾನೂರು ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಕ್ಕಿಗೂಡಿನ ಹಾಗೆ ಅಂಟಿಕೊಂಡ ಎಜ್ ಅನ್ನೋ ಹಳ್ಳಿ. ಅಮ್ಮ ಮಾತೇ ಆಡಲಿಲ್ಲ. ಅಮ್ಮ ಮಾತಾಡದೆ ಕೂತಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಆದರೆ ಬೋಟಿನ ಧ್ವನಿವರ್ಧಕ ಸುಮ್ಮನಿರಬೇಕಲ್ಲ. ಆ ಬಿಳಿ ಬಂಗಲೆ ಇಂಥವರದ್ದು, ಈ ಹಸಿರು ಕಿಟಕಿಯದ್ದು ಇಂಥವರದ್ದು, ಅದರ ಬೆಲೆ ಇಷ್ಟು ದಶಲಕ್ಷ. ಬಂಡೆಯ ಬಗ್ಗೆ ಇಲ್ಲ, ಮೀನಿನ ಬಗ್ಗೆ ಇಲ್ಲ. ಕಾಪ್ ಫೆರಾದಲ್ಲಿ ಬೆಲ್ಜಿಯಂನ ದೊರೆ ಎರಡನೇ ಲಿಯೊಪೋಲ್ಡನ ಆಸ್ತಿ ಇತ್ತು ಅಂತ ಬಂತು. ಆ ದೊರೆ ಆಫ್ರಿಕಾದ ಕಾಂಗೊವನ್ನು ತನ್ನ ಸ್ವಂತ ಜಮೀನಿನ ಹಾಗೆ ಇಟ್ಟುಕೊಂಡು, ರಬ್ಬರಿಗಾಗಿ ಅಲ್ಲಿನ ಜನರನ್ನು ಹಿಂಡಿ ಹಿಪ್ಪೆ ಮಾಡಿದವನು ಅಂತ ಮಾತ್ರ ಬರಲಿಲ್ಲ. ಪ್ರವಾಸಿಗೆ ಯಾಕೆ ಬೇಸರ ಮಾಡಬೇಕು ಅಂತಿರಬಹುದು. ಆದರೆ ಮನೆಯ ಬೆಲೆ ಹೇಳುವವನು ಅದರ ದುಡ್ಡು ಎಲ್ಲಿಂದ ಬಂತು ಅನ್ನೋದನ್ನು ಬಿಟ್ಟು ಹೇಳಿದರೆ ಅದು ಬ್ರೋಕರ್ ಮಾತು. ಮೊನಾಕೊ ಬಗ್ಗೆ ಬರುವ ಬರಹಗಳಲ್ಲಿ ಮುಕ್ಕಾಲು ಪಾಲು ಇದೇ ಧ್ವನಿವರ್ಧಕದ ಭಾಷೆಯಲ್ಲಿವೆ. ಕನ್ನಡದವೂ ಸೇರಿ.

ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರೆ ಮೊನಾಕೊದ ಕಥೆ ನಿಜಕ್ಕೂ ರುಚಿಯಾಗಿದೆ. ಅದರ ಶುರುವಾತೇ ಒಂದು ವೇಷದಿಂದ. 1297ರ ಜನವರಿಯಲ್ಲಿ ಫ್ರಾಂಚೆಸ್ಕೊ ಗ್ರಿಮಾಲ್ಡಿ ಅನ್ನೋನು ಫ್ರಾನ್ಸಿಸ್ಕನ್ ಸನ್ಯಾಸಿಯ ವೇಷದಲ್ಲಿ ಕೋಟೆಯ ಬಾಗಿಲು ತಟ್ಟಿದ, ಬಾಗಿಲು ತೆರೆದಾಗ ನಿಲುವಂಗಿಯೊಳಗಿನ ಕತ್ತಿ ತೆಗೆದ ಅಂತ ಅವರೇ ಹೇಳಿಕೊಳ್ಳುತ್ತಾರೆ. ಇವತ್ತಿಗೂ ಆಳುತ್ತಿರುವುದು ಅದೇ ಗ್ರಿಮಾಲ್ಡಿ ಮನೆತನ. ಅರಮನೆಯ ಮುಂದೆ ಸನ್ಯಾಸಿ ವೇಷದಲ್ಲೇ ಅವನ ಪ್ರತಿಮೆ ಇದೆ, ರಾಜಲಾಂಛನದಲ್ಲೂ ಕತ್ತಿ ಹಿಡಿದ ಇಬ್ಬರು ಸನ್ಯಾಸಿಗಳು. ಅಮ್ಮ ಆ ಪ್ರತಿಮೆಯನ್ನು ನೋಡಿ, 'ನಮ್ಮಲ್ಲಿ ಹಿಂಗೆ ಸನ್ಯಾಸಿ ವೇಷ ಹಾಕ್ಕೊಂಡು ಬಂದೋನಿಗೆ ರಾವಣ ಅಂತೀವಿ' ಅಂದರು. ಸರಿಯಾದ ವಿಮರ್ಶೆ. ಆದರೂ ಮೋಸವನ್ನು ಮುಚ್ಚಿಡದೆ ಲಾಂಛನ ಮಾಡಿಕೊಂಡವರ ಬಗ್ಗೆ ನನಗೆ ಸ್ವಲ್ಪ ಗೌರವ ಬಂತು, ಸುಳ್ಳು ಯಾಕೆ ಹೇಳಲಿ.

ತೆರಿಗೆಯ ಕಥೆ ಇದಕ್ಕಿಂತ ಚೆನ್ನಾಗಿದೆ. ಒಂದು ಕಾಲಕ್ಕೆ ಮೊನಾಕೊ ಇಷ್ಟು ಚಿಕ್ಕದಾಗಿರಲಿಲ್ಲ. ಪಕ್ಕದ ಮಾಂತೊ, ರಾಕ್‌ಬ್ರೂನ್ ಅನ್ನೋ ಊರುಗಳೂ ಅದಕ್ಕೇ ಸೇರಿದ್ದವು. ನಿಂಬೆ ಬೆಳೆಯುವ, ಆಲಿವ್ ಬೆಳೆಯುವ ಊರುಗಳು. ಸಂಸ್ಥಾನದ ವರಮಾನ ಬರುತ್ತಿದ್ದುದು ಮುಖ್ಯವಾಗಿ ಇವುಗಳಿಂದ. ನಿಂಬೆಗೂ ಸುಂಕ, ರೊಟ್ಟಿಯ ಮೇಲೂ ಅರಮನೆಯ ಹಿಡಿತ. ಜನ ತಾಳುವಷ್ಟು ತಾಳಿ 1848ರಲ್ಲಿ 'ನಾವು ನಿಮ್ಮೋರಲ್ಲ' ಅಂತ ಬೇರೆಯಾದರು. 1861ರಲ್ಲಿ ದೊರೆ ಮೂರನೇ ಚಾರ್ಲ್ಸ್ ಆ ಎರಡೂ ಊರುಗಳ ಮೇಲಿನ ಹಕ್ಕನ್ನು 40 ಲಕ್ಷ ಫ್ರಾಂಕಿಗೆ ಫ್ರಾನ್ಸಿಗೆ ಬಿಟ್ಟುಕೊಟ್ಟ. ಉಳಿದದ್ದು ಒಂದು ಬಂಡೆ, ಒಂದು ಬಂದರು, ಖಾಲಿ ಬೊಕ್ಕಸ. ಹೆಚ್ಚು ತೆರಿಗೆ ಹಾಕಿ ರಾಜ್ಯ ಕಳೆದುಕೊಂಡ ಮನೆತನ ಮುಂದೆ ತೆರಿಗೆ ಇಲ್ಲದ ದೇಶ ಅಂತ ಹೆಸರು ಮಾಡಿತು ಅನ್ನೋದನ್ನು ಕೇಳಿ ಅಪ್ಪ ಬಹಳ ಹೊತ್ತು ನಕ್ಕರು.

ಹೆಸರು ಮಾಡಿದ್ದು ಜೂಜಿನಿಂದ. ಫ್ರಾಂಸ್ವಾ ಬ್ಲಾಂ ಎಂಬ ಜೂಜುಕಟ್ಟೆಯ ಪಂಡಿತನನ್ನು ಕರೆತಂದು 1863ರಲ್ಲಿ ಕಂಪನಿ ಕಟ್ಟಿದರು. ಅದರ ಹೆಸರು, ಕನ್ನಡದಲ್ಲಿ ಹೇಳೋದಾದರೆ, 'ಕಡಲಸ್ನಾನದ ಸಂಘ'. ಇಂದಿಗೂ ಅದೇ ಹೆಸರು. ಸ್ನಾನದ ಹೆಸರಲ್ಲಿ ಜೂಜು. ಸನ್ಯಾಸಿಯ ನಿಲುವಂಗಿಯೊಳಗೆ ಕತ್ತಿ ಇಟ್ಟವರಿಗೆ ಇದೇನು ಕಷ್ಟ! ಗುಡ್ಡಕ್ಕೆ 1866ರಲ್ಲಿ ದೊರೆಯ ಹೆಸರಿಟ್ಟು ಮಾಂಟೆ ಕಾರ್ಲೊ ಅಂದರು. 1868ರಲ್ಲಿ ರೈಲು ಬಂತು, ರೈಲಿನ ಜೊತೆ ಜೂಜಾಡುವವರು ಬಂದರು, 1869ರಲ್ಲಿ ದೊರೆ ನೇರ ತೆರಿಗೆಗಳನ್ನು ತೆಗೆದುಹಾಕಿದ. ಹೊರಗಿನವರು ಸೋತ ದುಡ್ಡಿನಲ್ಲಿ ಒಳಗಿನವರ ತೆರಿಗೆ ಮಾಫಿ. ಮೊನಾಕೊದ ಪ್ರಜೆಗಳಿಗೆ ಮಾತ್ರ ಆ ಕ್ಯಾಸಿನೊದಲ್ಲಿ ಆಡುವಂತಿಲ್ಲ, ಇವತ್ತಿಗೂ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಲಿಸಿದ್ದು ಸೋತು ಮನೆ ಹಾಳು ಮಾಡಿಕೊಂಡವರು ನಮ್ಮವರೇ ಆಗಿದ್ದರಿಂದ. ಇಲ್ಲಿಯವರಿಗೆ ಜೂಜು ಮನೆ ಹಾಳು ಮಾಡುತ್ತೆ ಅಂತ ಮೊದಲೇ ಗೊತ್ತಿತ್ತು. ತಮ್ಮವರನ್ನು ಹೊರಗಿಟ್ಟು ಬಾಗಿಲು ತೆರೆದರು.

ಕ್ಯಾಸಿನೊ ಕಟ್ಟಡ ಹೊರಗಿನಿಂದ ನೋಡೋಕೆ ಚೆನ್ನಾಗಿದೆ. ಅದರೊಳಗಿನ ಒಪೆರಾ ರಂಗಮಂದಿರ ಕಟ್ಟಿದ್ದು ಪ್ಯಾರಿಸ್ ಒಪೆರಾದ ಶಿಲ್ಪಿ ಗಾರ್ನಿಯೇ, 1879ರಲ್ಲಿ ತೆರೆಯಿತು. ಮುಂದೆ ಕಾರುಗಳು, ಕಾರುಗಳ ಮುಂದೆ ಫೋನ್ ಹಿಡಿದ ಜನ, ಅವರಲ್ಲಿ ನನ್ನ ಗಂಡನೂ ಒಬ್ಬರು. ಇದರ ಬಗ್ಗೆ ಹೆಚ್ಚು ಹೇಳೋಕೆ ಏನೂ ಇಲ್ಲ. ಅಲ್ಲಿ ನಿಂತಾಗ ನನಗನ್ನಿಸಿದ್ದು, ಶ್ರೀಮಂತಿಕೆ ನೋಡೋಕೆ ಅಂತ ಬಂದವರಿಗೆ ಅದು ಕಾಣೋದೇ ಇಲ್ಲ. ಕಾಣೋದು ಮುಚ್ಚಿದ ಬಾಗಿಲು, ಕಪ್ಪು ಗಾಜು, ಖಾಲಿ ಬಾಲ್ಕನಿ. ಬಂದರಿನ ದೊಡ್ಡ ದೊಡ್ಡ ಯಾಟ್‌ಗಳ ಮೇಲೂ ನಮಗೆ ಕಂಡಿದ್ದು ಡೆಕ್ ಒರೆಸುವ ಹುಡುಗರು ಮಾತ್ರ.

ನೋಡುವಂಥದ್ದು ಇಲ್ಲ ಅಂತಲ್ಲ. ಸಮುದ್ರ ವಿಜ್ಞಾನದ ಮ್ಯೂಸಿಯಂ ಇದೆ, ಕಡಲ ಸಂಶೋಧನೆಯ ಹುಚ್ಚು ಹಿಡಿದಿದ್ದ ದೊರೆ ಮೊದಲನೇ ಆಲ್ಬರ್ಟ್ ಕಟ್ಟಿಸಿ 1910ರಲ್ಲಿ ತೆರೆದದ್ದು. ಬಂಡೆಯ ಅಂಚಿನಿಂದ ನೇರ ಸಮುದ್ರದಿಂದಲೇ ಎದ್ದು ಬಂದಂತಿದೆ, ಬೋಟಿನಲ್ಲಿ ಬಂದವರಿಗೆ ಮಾತ್ರ ಅದರ ಪೂರ್ತಿ ಎತ್ತರ ಕಾಣುತ್ತೆ. ಮಗಳನ್ನು ಅಲ್ಲಿಂದ ಹೊರಡಿಸೋಕೆ ಸಾಕಾಯ್ತು. ಗುಡ್ಡದ ಊರಾದ್ದರಿಂದ ಬೀದಿಯಿಂದ ಬೀದಿಗೆ ಹತ್ತೋಕೆ ಸಾರ್ವಜನಿಕ ಲಿಫ್ಟುಗಳು, ಎಸ್ಕಲೇಟರುಗಳು, ಒಂದಕ್ಕೂ ಕಾಸಿಲ್ಲ. ಮಂಡಿನೋವಿನ ಅಮ್ಮನಿಗೆ ಇಡೀ ಯುರೋಪಿನಲ್ಲಿ ಹೆಚ್ಚು ಹಿಡಿಸಿದ್ದು ಇದೇ. ಹಳೆ ಊರಿನ ಬೀದಿಫಲಕಗಳಲ್ಲಿ ಫ್ರೆಂಚ್ ಜೊತೆ ಮೊನೆಗಾಸ್ಕ್ ಅನ್ನೋ ಅವರದೇ ನುಡಿ. ಪ್ರಜೆಗಳು ಹತ್ತು ಸಾವಿರದ ಆಸುಪಾಸು, ಶಾಲೆಯಲ್ಲಿ ಆ ನುಡಿ ಕಡ್ಡಾಯ. ಲೂಯಿ ನೊತಾರಿ ಎಂಬ ಎಂಜಿನಿಯರ್ 1927ರಲ್ಲಿ ಊರಿನ ರಕ್ಷಕಿ ಸಂತ ದೇವೋತಳ ಕಥೆಯನ್ನು ಆ ನುಡಿಯಲ್ಲಿ ಕಾವ್ಯ ಮಾಡಿದ, ಅಲ್ಲಿಂದಲೇ ಆ ನುಡಿಗೆ ಲಿಖಿತ ಸಾಹಿತ್ಯ ಶುರು. ದೇವೋತಳ ಶವ ದೋಣಿಯಲ್ಲಿ ಈ ದಡಕ್ಕೆ ಬಂತು ಅನ್ನೋದು ಐತಿಹ್ಯ. ಪ್ರತಿ ವರ್ಷ ಜನವರಿ 26ರ ಸಂಜೆ ಅವಳ ಚರ್ಚಿನ ಮುಂದೆ ಒಂದು ದೋಣಿಗೆ ಬೆಂಕಿ ಇಡುತ್ತಾರೆ. ವಿಡಿಯೊ ಮಾಡುವವರು ಇದನ್ನೂ ಒಂದು ನಿಮಿಷ ತೋರಿಸಬಹುದಿತ್ತು.

ಈಗ ಬಿಲ್ಲಿನ ವಿಷಯ. ಮಧ್ಯಾಹ್ನ ಬಂದರಿನ ಹಿಂದಿನ ಮಾರುಕಟ್ಟೆಯಲ್ಲಿ ಕೂತೆವು. ಹೆಸರು ಕೊಂದಾಮಿನ್, 1880ರಿಂದ ಇರೋ ತರಕಾರಿ ಸಂತೆ. ಬಾರ್ಬಾಜುವಾನ್ ಅಂತ ಕರಿದ ಕಡುಬು ಸಿಗುತ್ತೆ, ಒಳಗೆ ಸೊಪ್ಪು ಮತ್ತು ಗಿಣ್ಣಿನಂಥ ಚೀಸ್. ಕಡ್ಲೆಹಿಟ್ಟಿನ ದೋಸೆಯೂ ಇತ್ತು, ಅಮ್ಮ ಉಪ್ಪು ಸಾಲದು ಅಂದರು. ಐದು ಕಾಫಿ, ಮಗಳಿಗೊಂದು ಜ್ಯೂಸ್, ಒಂದು ಪ್ಲೇಟ್ ಕಡುಬು, ಒಟ್ಟು 23 ಯೂರೊ. ತಮ್ಮ ಅಲ್ಲಿಯವರೆಗೂ ಒಂದೇ ರಾಗ ಹಾಡುತ್ತಿದ್ದ: ಅಲ್ಲಿ ನೋಡು, ರಸ್ತೆ ಆ ಕಡೆ ಫ್ರಾನ್ಸು, ನನ್ನ ಸಂಬಳದಲ್ಲಿ ಅರ್ಧ ಅವರೇ ತಿಂತಾರೆ, ಈ ಕಡೆ ಮೊನಾಕೊ, ಒಂದು ಪೈಸೆ ಕೊಡೋ ಹಾಗಿಲ್ಲ. ಮಗಳು ಅದನ್ನು ಕೇಳಿಸಿಕೊಂಡು, 'ಅಜ್ಜ, ಹಂಗಾದ್ರೆ ನಿಂಗಿಲ್ಲಿ ಕೆಲಸಾನೇ ಇರ್ತಿರ್ಲಿಲ್ಲ ಅಲ್ವಾ?' ಅಂತ ಕೇಳಿದಳು.

ಅಪ್ಪ ಬಿಲ್ಲು ಎತ್ತಿಕೊಂಡು ಕನ್ನಡಕ ಏರಿಸಿ, ಅವಳಿಗೆ ಕೆಳಗಿನ ಸಾಲು ತೋರಿಸಿದರು. ಟಿವಿಎ, ಶೇಕಡಾ 10, 2.09 ಯೂರೊ. 'ಇದೇನು ಗೊತ್ತಾ? ಇದೇ ವ್ಯಾಟು. ಫ್ರಾನ್ಸಿನೋರೇ ಕಂಡುಹಿಡಿದಿದ್ದು.' ನಿಜ, ಮೋರಿಸ್ ಲೊರೆ ಎಂಬ ಫ್ರೆಂಚ್ ತೆರಿಗೆ ಅಧಿಕಾರಿಯ ಕೈಯಲ್ಲಿ 1954ರಲ್ಲಿ ಹುಟ್ಟಿದ್ದು ಅದು. ನಮ್ಮ ಜಿಎಸ್‌ಟಿಯೂ ಅದರ ವಂಶದ್ದೇ. ಮೊನಾಕೊದಲ್ಲಿ ಫ್ರಾನ್ಸಿನ ದರವೇ ನಡೆಯುತ್ತೆ, ಹೆಚ್ಚಿನ ಸಾಮಾನಿಗೆ ಶೇಕಡಾ 20, ಹೋಟೆಲಿನ ತಿಂಡಿಗೆ 10. ಆ ದೇಶದ ಸರ್ಕಾರಿ ವರಮಾನದಲ್ಲಿ ಹೆಚ್ಚುಕಡಿಮೆ ಅರ್ಧ ಬರೋದೇ ಇದರಿಂದ. ಕ್ಯಾಸಿನೊದ ಪಾಲು ಈಗ ಬಹಳ ಚಿಕ್ಕದು.

'ಪುಟ್ಟಿ, ಈ ಎರಡು ಯೂರೊ ಯಾರು ಕೊಟ್ರು?'

'ಮಾಮ ಕೊಟ್ಟ.'

'ಆ ದೊಡ್ಡ ದೋಣಿಯೋನು ಕಾಫಿ ಕುಡಿದ್ರೂ ಅಷ್ಟೇ ಕೊಡ್ತಾನೆ. ಅವನ ಆದಾಯಕ್ಕೆ ಏನೂ ಕೊಡಲ್ಲ.'

ಇಷ್ಟೇ ಅವರು ಹೇಳಿದ್ದು. ಇಡೀ ಊರಿನ ಆರ್ಥಿಕ ವ್ಯವಸ್ಥೆಯ ವಿಮರ್ಶೆ ಈ ಎರಡು ವಾಕ್ಯದಲ್ಲಿ ಇದೆ. ಕಾಫಿ ತೆರಿಗೆ ಯಾರ ಜೇಬು ಅಂತ ನೋಡೋದಿಲ್ಲ, ಆದಾಯ ತೆರಿಗೆ ಜೇಬಿನ ಆಳ ನೋಡುತ್ತೆ. ಎರಡನೆಯದನ್ನು ತೆಗೆದು ಮೊದಲನೆಯದನ್ನು ಉಳಿಸಿಕೊಂಡ ದೇಶವನ್ನು ನಾವು 'ತೆರಿಗೆ ಇಲ್ಲದ ದೇಶ' ಅಂತ ಬರೀತೀವಿ. ಅಂದರೆ ನಾವು ಬರೆಯುತ್ತಿರೋದು ಆ ಯಾಟ್‌ನವನ ಕಣ್ಣಿನಿಂದ, ನಮ್ಮ ಬಿಲ್ಲು ನಮ್ಮ ಕೈಯಲ್ಲೇ ಇದ್ದರೂ. ನನಗೆ ಕಸಿವಿಸಿ ಆಗೋದು ಇಲ್ಲಿ. ಬೆಂಗಳೂರಿನ ನನ್ನ ಆಫೀಸಿನಲ್ಲೂ ಪ್ರತಿ ಬಜೆಟ್ ದಿನ ಮೊನಾಕೊ, ದುಬೈ ಹೆಸರು ಜಪ ಮಾಡುವವರಿದ್ದಾರೆ. ಅವರ ಪ್ರಕಾರ ತೆರಿಗೆ ಕೇಳುವವನು ಕಳ್ಳ, ತಪ್ಪಿಸಿಕೊಂಡವನು ಜಾಣ. ಈ ಮಾತನ್ನು ಕೇಳಿಕೊಂಡೇ ಬೆಳೆಯುತ್ತಿರೋ ನನ್ನ ಮಗಳಿಗೆ ಅವಳ ಅಜ್ಜ ಜೀವಮಾನವೆಲ್ಲ ಏನು ಮಾಡಿದರು ಅಂತ ನಾನು ಹೇಗೆ ಹೇಳಲಿ ಅಂತ ಯೋಚನೆಯಾಗುತ್ತಿತ್ತು. ಹೇಳುವ ಕಷ್ಟವನ್ನು ಅವರೇ ತಗೊಂಡರು.

ಫ್ರಾನ್ಸಿಗೂ ಈ ಲೆಕ್ಕ ಗೊತ್ತಿದೆ. ತನ್ನ ಪ್ರಜೆಗಳು ಪಕ್ಕದ ಬೀದಿಗೆ ಮನೆ ಬದಲಾಯಿಸಿ ತೆರಿಗೆ ತಪ್ಪಿಸೋದನ್ನು ನೋಡಿ ಸಾಕಾಗಿ 1962ರ ಅಕ್ಟೋಬರಿನಲ್ಲಿ ದ ಗಾಲ್ ಸರ್ಕಾರ ಗಡಿಯಲ್ಲಿ ಸುಂಕದ ತಪಾಸಣೆ ಹಾಕಿತು. ಎರಡು ಲಾಲ್‌ಬಾಗಿನ ದೇಶಕ್ಕೆ ದಿಗ್ಬಂಧನ ಅಂದರೆ ಎಷ್ಟು ಹೊತ್ತು ತಡೆದೀತು! 1963ರ ಒಪ್ಪಂದದ ಪ್ರಕಾರ, ಅಲ್ಲಿಗೆ ಹೋಗಿ ನೆಲೆಸುವ ಫ್ರೆಂಚರು ಫ್ರಾನ್ಸಿಗೇ ಆದಾಯ ತೆರಿಗೆ ಕಟ್ಟಬೇಕು. ವಿನಾಯಿತಿ ಉಳಿದದ್ದು ಮಿಕ್ಕವರಿಗೆ. 2024ರ ಜೂನಿನಲ್ಲಿ ಅಕ್ರಮ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಕಾರ್ಯಪಡೆ ಮೊನಾಕೊವನ್ನು ತನ್ನ 'ಬೂದು ಪಟ್ಟಿ'ಗೆ ಸೇರಿಸಿತು ಅನ್ನೋದನ್ನೂ ನಮ್ಮ ಪ್ರವಾಸಿ ಬರಹಗಳು ಹೇಳೋದಿಲ್ಲ.

ವಾಪಸ್ ಬೋಟಿಗೆ ಇನ್ನೂ ಹೊತ್ತಿತ್ತು. ರೈಲು ನಿಲ್ದಾಣ ಬೆಟ್ಟದ ಹೊಟ್ಟೆಯೊಳಗಿದೆ ಅಂತ ಮಗಳಿಗೆ ಯಾರೋ ಹೇಳಿದ್ದರು, ನೋಡಲು ಹೋದೆವು. ಜಾಗ ಉಳಿಸೋಕೆ 1999ರಲ್ಲಿ ಹಳಿಯನ್ನೇ ನೆಲದಡಿಗೆ ಇಳಿಸಿದ್ದಾರೆ. ಅಮೃತಶಿಲೆ ಹಾಕಿದ ಉದ್ದನೆಯ ಸುರಂಗದಲ್ಲಿ ಸಂಜೆ ಐದರ ಜನಸಾಗರ. ಅಡುಗೆಯವರು, ನರ್ಸುಗಳು, ಗಾರೆ ಕೆಲಸದವರು, ಮಾಲ್ ಹುಡುಗಿಯರು, ಬ್ಯಾಂಕಿನ ಗುಮಾಸ್ತರು. ಊರಿನಲ್ಲಿ ವಾಸವಿರುವ ಒಟ್ಟು ಜನ ಸುಮಾರು 39 ಸಾವಿರ, ಕೆಲಸಕ್ಕೆ ಅಂತ ದಿನಾ ಫ್ರಾನ್ಸ್ ಮತ್ತು ಇಟಲಿಯಿಂದ ಬಂದು ಹೋಗುವವರು ಅದಕ್ಕಿಂತ ಹೆಚ್ಚು. ಸ್ವಂತ ಪ್ರಜೆಗಳಿಗೆ ಸರ್ಕಾರ ಕಡಿಮೆ ಬಾಡಿಗೆಗೆ ಮನೆ ಕೊಡುತ್ತೆ, ಅದು ಮೆಚ್ಚಬೇಕಾದ್ದೇ. ಈ ಪ್ಲಾಟ್‌ಫಾರ್ಮಿನ ಜನಕ್ಕೆ ಮಾತ್ರ ಅಲ್ಲಿ ಮನೆ ಮಾಡೋಕೆ ಆಗೋದಿಲ್ಲ. ಅವರ ಮಕ್ಕಳ ಶಾಲೆ, ಮನೆ ಮುಂದಿನ ರಸ್ತೆ, ಕೊನೆಗೆ ಅವರನ್ನು ಕರೆದೊಯ್ಯುವ ಆ ರೈಲು ಕೂಡ ಪಕ್ಕದ ದೇಶದ್ದು. ಊರಿನವರಿಗೆ ಆದಾಯ ತೆರಿಗೆ ಬೇಡವಾಗೋಕೆ ಇದೂ ಒಂದು ಕಾರಣ: ಖರ್ಚಿನ ದೊಡ್ಡ ಪಾಲು ಬೆಟ್ಟದ ಆಚೆ ಮಲಗುತ್ತೆ.

ಅಷ್ಟು ಹೊತ್ತೂ ಸುಮ್ಮನಿದ್ದ ಅಮ್ಮ ತಮ್ಮನನ್ನು ಕೇಳಿದರು, 'ಹೆಂಗೋ, ನಿನ್ನ ಮಗು ಹುಟ್ಟಿದಾಗ ಆಸ್ಪತ್ರೆಗೆ ಎಷ್ಟು ಕಟ್ಟಿದೆ?' ಏನೂ ಇಲ್ಲ ಅನ್ನುವಷ್ಟೇ ಕಟ್ಟಿದ್ದ. ಫ್ರಾನ್ಸಿನಲ್ಲಿ ಹೆರಿಗೆಯ ಖರ್ಚನ್ನು ಸಾರ್ವಜನಿಕ ವಿಮೆಯೇ ನೋಡಿಕೊಳ್ಳುತ್ತೆ, ಅವನ ಸಂಬಳದಿಂದ 'ತಿಂದ' ಆ ದುಡ್ಡಿನಲ್ಲಿ. 'ಅದು ಬೇರೆ ವಿಷಯ' ಅಂದ.

ಹಿಂತಿರುಗುವ ಬೋಟಿನಲ್ಲಿ ಅವನು ಮತ್ತು ನನ್ನ ಗಂಡ ಫೋನ್ ತೆಗೆದು ಮೊನಾಕೊದಲ್ಲಿ ಮನೆ ಲೆಕ್ಕ ಹಾಕುತ್ತಿದ್ದರು. ಚದರ ಮೀಟರಿಗೆ ಸರಾಸರಿ 50 ಸಾವಿರ ಯೂರೊ ದಾಟಿದೆ. ನಮ್ಮೂರಿನ ಲೆಕ್ಕದಲ್ಲಿ ನಾನೂರು ಚಿಲ್ಲರೆ ಚದರಡಿಯ ಒಂದು ಗೂಡಿಗೆ ಇಪ್ಪತ್ತು ಕೋಟಿ ರೂಪಾಯಿ. ಅದಕ್ಕೆ ಎಷ್ಟು ವರ್ಷದ ತೆರಿಗೆ ಉಳಿಸಬೇಕು ಅಂತ ಮಗಳು ಭಾಗಿಸಿ ಹೇಳಿದಳು, ತಮ್ಮ ಫೋನ್ ಒಳಗಿಟ್ಟ. ಅಪ್ಪ ಬಲಗಡೆ ದಡದ ಬದಿಗೆ ಕೂತು ನಿದ್ದೆ ಮಾಡುತ್ತಿದ್ದರು. ಧ್ವನಿವರ್ಧಕ ಬಂಗಲೆಗಳ ಹೆಸರು ಓದುತ್ತಲೇ ಇತ್ತು.